ಘಟ್ಟ ಇಳಿದು ಹತ್ತಿದ ಹಿಟ್ಟು

“ಘಾಟಿಯಲ್ಲಿ ಬ್ರೇಕ್ ಫೇಲ್ ಆದ್ರೂ ಯಾರೂ ಹೆದರಬೇಡಿ. ಇವನ ಇಡ್ಲಿ ಎರಡು ಚಕ್ರದ ಕೆಳಗೆ ಇಟ್ರೆ ಸಾಕು, ಬಸ್ಸು ನಿಂತ ಜಾಗ ಬಿಟ್ಟು ಅಲ್ಲಾಡಲ್ಲ!”

ಕಂಡಕ್ಟರ್ ಗಣೇಶ್ ನನ್ನ ಇಡ್ಲಿಯೊಂದನ್ನು ಎರಡು ಬೆರಳಲ್ಲಿ ಹಿಡಿದು, ಬಸ್ಸಿನೊಳಗೆ ಕೂತವರಿಗೂ ಕಾಣುವ ಹಾಗೆ ಎತ್ತಿ ತೋರಿಸಿದ. ಬೆಂಚಿನ ಮೇಲಿದ್ದವರು ನಕ್ಕರು. ಕಿಟಕಿಯಲ್ಲಿ ತಲೆ ಹಾಕಿದ್ದವರು ನಕ್ಕರು. ಆ ನಗು ಕೇಳಿ ಅವನಿಗೆ ಇನ್ನೂ ಹುರುಪು ಬಂತು.

“ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವನಲ್ವಾ. ಹಿಟ್ಟೂ ಅರ್ಧಕ್ಕೇ ಎದ್ದಿದೆ.”

ನನಗೆ ಮೈಯೆಲ್ಲ ಉರಿಯಿತು. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ನನ್ನ ಬಾಯಿ ಯಾವತ್ತೂ ನನ್ನನ್ನು ಕೇಳಿ ತೆರೆದದ್ದಲ್ಲ.

“ಗೊತ್ತಿದ್ದೂ ನಾಲ್ಕು ನುಂಗಿದ್ರಲ್ಲ ಗಣೇಶಣ್ಣ. ನಿಮ್ಮದು ಹೊಟ್ಟೆನಾ, ಜಲ್ಲಿ ಕ್ರಷರ್ರಾ?”

ಈಗ ಎಲ್ಲರೂ ಅವನನ್ನು ನೋಡಿ ನಕ್ಕರು. ಡ್ರೈವರ್ ಜಯಪ್ಪಣ್ಣನೂ ನಕ್ಕ. ಗಣೇಶನ ಮುಖ ಬಿಗಿಯಿತು. ಇಡ್ಲಿಯನ್ನು ತಟ್ಟೆಗೆ ಎಸೆದು, ಕೈ ತೊಳೆದು, ಟಿಕೆಟ್ ಮಷಿನ್ನು ಹೆಗಲಿಗೆ ಹಾಕಿಕೊಂಡ.

“ಸರಿ ಕಣೋ ನಿರಂಜನ. ಈ ವಾರ ನೋಡ್ತೀನಿ. ಹಿಂಗೇ ಇದ್ರೆ ಬರೋ ಸೋಮವಾರದಿಂದ ತಿಂಡಿಗೆ ಬಸ್ಸು ನಿಲ್ಲೋದು ಹೊಸಂಗಡಿಯಲ್ಲೇ. ಆಮೇಲೆ ನಿನ್ನ ಇಡ್ಲಿ ನೀನೇ ಕ್ರಷ್ ಮಾಡ್ಕೋ.”

ವಿಸಲ್ ಊದಿದ. ಬಸ್ಸು ಮಂಜಿನೊಳಗೆ ಇಳಿದು ಹೋಯಿತು.

ಘಟ್ಟದ ನೆತ್ತಿಯ ಹುಲಿಕಲ್ಲಿನಲ್ಲಿ ನಮ್ಮದು ತಗಡಿನ ಮಾಡಿನ ಸಣ್ಣ ಹೋಟೆಲು. ನಾನು ಮತ್ತು ಅಮ್ಮ, ಇಬ್ಬರೇ. ತೀರ್ಥಹಳ್ಳಿಯಿಂದ ಕುಂದಾಪುರಕ್ಕೆ ಹೋಗುವ ಈ ಬಸ್ಸು ಬೆಳಿಗ್ಗೆ ತಿಂಡಿಗೆ ನಿಂತರೆ ಹೋಟೆಲು ಉಂಟು, ನಿಲ್ಲದಿದ್ದರೆ ಇಲ್ಲ. ಉಳಿದ ವ್ಯಾಪಾರ ಬರೀ ಚಹಾ, ಬೀಡಿ. ಶಾಲೆ ಬಿಟ್ಟ ಮೇಲೆ ತೀರ್ಥಹಳ್ಳಿ, ಸಾಗರ ಅಂತ ಕಂಡವರ ಹೋಟೆಲುಗಳಲ್ಲಿ ಲೋಟ ತೊಳೆದಿದ್ದೇನೆ. ಮಾಲೀಕರಿಗೆ ಎದುರುತ್ತರ ಕೊಟ್ಟು ಎಲ್ಲ ಕಡೆಯೂ ಹೊರಗೆ ಬಿದ್ದಿದ್ದೇನೆ. ಮತ್ತೆ ಯಾರ ಕೈ ಕೆಳಗೂ ನಿಲ್ಲಲಾರೆ ಅಂತಲೇ ಈ ತಗಡು ಹೊದೆಸಿದ್ದು. ಈಗ ಆ ಬಸ್ಸು ತಪ್ಪಿದರೆ ಮತ್ತೆ ಅದೇ ಲೋಟ.

ಇಡ್ಲಿ ಬಿಟ್ಟು ಬೇರೆ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಜಯಪ್ಪಣ್ಣನಿಗೆ ಡಾಕ್ಟರು ಎಣ್ಣೆ ಬಿಡಿಸಿದ್ದಾರೆ. ಇಡ್ಲಿ ಇಲ್ಲದ ಕಡೆ ಅವನು ಗಾಡಿ ನಿಲ್ಲಿಸುವುದಿಲ್ಲ.

“ನೀನ್ಯಾಕೆ ಅವನಿಗೆ ಹಂಗಂದೆ?” ಅಂದಳು ಅಮ್ಮ, ಉಳಿದ ಇಡ್ಲಿಗಳನ್ನು ಬುಟ್ಟಿಗೆ ಸುರಿಯುತ್ತಾ.

“ಅವನ್ಯಾಕೆ ಅಂದ?”

“ಅವನು ಹೇಳಿದ್ದು ಸುಳ್ಳೇನಲ್ವಲ್ಲ ಮಗಾ. ನಾಯಿಗೆ ಹಾಕಿದ್ರೆ ಅದೂ ನನ್ನ ಮುಖ ನೋಡ್ತಾ ಇದೆ.”

ತಪ್ಪು ಅಮ್ಮನದಲ್ಲ, ಅಕ್ಕಿಯದಲ್ಲ, ಉದ್ದಿನದೂ ಅಲ್ಲ. ಚಳಿ. ಸಂಜೆ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ನೋಡಿದರೆ ಇಟ್ಟ ಹಾಗೇ ಇರುತ್ತಿತ್ತು, ಒಂದು ಗುಳ್ಳೆ ಇಲ್ಲ. ಫೋನಿನಲ್ಲಿ ವಾರದ ಹವಾಮಾನ ತೆಗೆದೆ. ಮಲೆನಾಡಿನಲ್ಲಿ ವಾರಪೂರ್ತಿ ಚಳಿ ಹೆಚ್ಚಲಿದೆ, ಮುಂಜಾನೆ ದಟ್ಟ ಮಂಜು, ಭಾನುವಾರ ಎಲ್ಲಕ್ಕಿಂತ ಕಡಿಮೆ ಉಷ್ಣಾಂಶ ಅಂತ ಇತ್ತು. ಗಣೇಶನೂ ಹವಾಮಾನ ಇಲಾಖೆಯೂ ಮಾತಾಡಿಕೊಂಡೇ ನನ್ನ ಮೇಲೆ ಬಿದ್ದ ಹಾಗಿತ್ತು.

ಅಮ್ಮ ಆ ಸಂಜೆ ಹಿಟ್ಟಿನ ಪಾತ್ರೆಯನ್ನು ಬಚ್ಚಲೊಲೆಯ ಪಕ್ಕ ಇಟ್ಟು ಕಂಬಳಿ ಸುತ್ತಿದಳು. ಹಂಡೆಯ ಕೆಳಗೆ ಕೆಂಡ ಇತ್ತು. ಬೆಳಿಗ್ಗೆ ಹಿಟ್ಟು ಸ್ವಲ್ಪ ಎದ್ದಿತ್ತು, ಆದರೆ ಒಲೆಯ ಹೊಗೆಯನ್ನೆಲ್ಲ ಕುಡಿದುಕೊಂಡು ಎದ್ದಿತ್ತು. ಅಡಿಕೆ ತೋಟದ ಮಹಾಗಣಪತಿ ಭಟ್ಟರು ಹೆಂಡತಿ ಜೊತೆ ಕುಂದಾಪುರಕ್ಕೆ ಹೊರಟವರು ಒಂದು ತುಂಡು ಬಾಯಿಗಿಟ್ಟು, “ವೇದಾ, ಇದು ಹೊಗೆ ವಾಸ್ನೆ ಬತ್ತಾ ಇದ್ದು” ಅಂದರು. ವೇದಾವತಮ್ಮ ಅವರ ಮೊಣಕೈಗೆ ತಿವಿದು ನನ್ನ ಕಡೆ ಕಣ್ಣು ತೋರಿಸಿದರು. ಪಾಪ, ಒಳ್ಳೆ ಜನ. ಅದಕ್ಕೇ ಇನ್ನೂ ಅವಮಾನವಾಯಿತು. ಗಣೇಶ ಮೂಗು ಮುಚ್ಚಿಕೊಂಡು ಚಹಾ ಕುಡಿದ.

ಅವತ್ತು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಕಾವ್ಯಕ್ಕನನ್ನು ಕೊಟ್ಟದ್ದು ಘಟ್ಟದ ಬುಡದ ಹೊಸಂಗಡಿಗೆ.

“ಎಂತ ಚಳಿಯೋ ಅಲ್ಲಿ? ಇಲ್ಲಿ ಸೆಕೆ ಮಾರಾಯ. ಹಗಲಿಗೂ ಫ್ಯಾನ್ ಹಾಕ್ಕೊಂಡು ಕೂತಿದೀವಿ. ಬೆಳಿಗ್ಗೆ ಮಾಡಿದ ಪದಾರ್ಥ ಸಂಜೆಗೆ ಹಳಸ್ತದೆ.”

ನಾನು ಫೋನು ಕಿವಿಯಿಂದ ತೆಗೆದು ಮತ್ತೆ ಹವಾಮಾನ ನೋಡಿದೆ. ಮಲೆನಾಡಿನ ಕೆಳಗೆ ಇನ್ನೊಂದು ಸಾಲಿತ್ತು. ಕರಾವಳಿಯಲ್ಲಿ ಒಣ ಹವೆ, ಹಗಲು ಬಿರುಬಿಸಿಲು. ಹಿಂದಿನ ದಿನ ನನ್ನದೇ ಗೋಳಿನಲ್ಲಿ ಅದನ್ನು ಓದಿರಲಿಲ್ಲ.

“ಅಕ್ಕಾ, ನಾಳೆ ಬಸ್ಸಿಗೆ ಒಂದು ಕ್ಯಾನ್ ಬರ್ತದೆ. ಇಳಿಸ್ಕೋ. ನಿನ್ನ ಹಿತ್ತಲಲ್ಲಿ ಬಿಸಿಲು ಕಾಯೋ ಗೋಡೆ ಇದೆಯಲ್ಲ, ಅದರ ಪಕ್ಕ ಇಡು. ಸಂಜೆ ಅದೇ ಬಸ್ಸಿಗೆ ಹತ್ತಿಸು.”

“ಎಂತ ಉಂಟು ಅದರಲ್ಲಿ?”

“ಇಡ್ಲಿ ಹಿಟ್ಟು.”

“ನಿಂಗೆ ಜ್ವರ ಇಲ್ವಲ್ಲ?” ಅಂದಳು ಅಕ್ಕ.

ಕಷ್ಟ ಹಿಟ್ಟಿನದಲ್ಲ, ಬಸ್ಸಿನದು. ಘಟ್ಟ ಇಳಿದು ಅದೇ ದಿನ ಹತ್ತುವ ಬಸ್ಸು ಗಣೇಶನದೊಂದೇ. ಅವನ ಮುಂದೆ ಕ್ಯಾನ್ ಹಿಡಿದು ನಿಲ್ಲಬೇಕು. ಒಳಗಿರುವುದು ಏನೆಂದು ಗೊತ್ತಾದರೆ ಅವನು ಹತ್ತಿಸಿಕೊಳ್ಳುವುದಿರಲಿ, ತೀರ್ಥಹಳ್ಳಿ ಸ್ಟ್ಯಾಂಡಿನ ತನಕ ಅದನ್ನೇ ಹೇಳಿಕೊಂಡು ನಗುತ್ತಾನೆ. ಬೆಳಗಿನ ಜಾವ ಅಮ್ಮ ರುಬ್ಬಿದಳು. ನಾನು ಹಾಲಿನ ಕ್ಯಾನಿಗೆ ಹಿಟ್ಟು ತುಂಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಗೋಣಿಚೀಲದಲ್ಲಿ ಕಟ್ಟಿದೆ.

“ಎಂತದೋ ಇದು?” ಅಂದ ಗಣೇಶ.

“ಅಕ್ಕನ ಮನೆಗೆ. ಹೊಸಂಗಡಿಯಲ್ಲಿ ಇಳಿಸ್ಕೋತಾಳೆ.”

“ಲಗೇಜ್ ಚಾರ್ಜ್ ಆಗ್ತದೆ.”

“ಹಾಕಿ.”

“ಇಡ್ಲಿ ಅಲ್ವಲ್ಲ? ಹಿಂದಿನ ಟೈರು ಕೂತ್ಕೊಂಡ್ಬಿಡ್ತದೆ ಆಮೇಲೆ.”

ಬಾಯಿಗೆ ಬಂದದ್ದನ್ನು ನುಂಗಿದೆ. ಹೇಗೆ ನುಂಗಿದೆನೋ ನನಗೇ ಗೊತ್ತಿಲ್ಲ. ಕ್ಯಾನ್ ಹಿಂದಿನ ಸೀಟಿನ ಕೆಳಗೆ ಹೋಯಿತು.

ಮೂರು ಗಂಟೆ ಹೊತ್ತಿಗೆ ಅಕ್ಕನ ಫೋನು. ಹಿಂದೆ ಕೋಳಿಗಳ ಗಲಾಟೆ.

“ನಿನ್ನ ಹಿಟ್ಟು ಎದ್ದು ನಡ್ಕೊಂಡು ಬರ್ತಾ ಉಂಟು ಮಾರಾಯ! ಮುಚ್ಚಳ ಹಾರಿ ಬಾವಿಕಟ್ಟೆಗೆ ಬಿದ್ದಿದೆ. ಅಂಗಳ ಪೂರಾ ಹಿಟ್ಟು, ಕೋಳಿಗೆಲ್ಲ ಬಿಳಿ ಕಾಲುಚೀಲ. ಕ್ಯಾನ್ ತುಂಬಾ ತುಂಬಿಸ್ತಾರಾ ಯಾರಾದ್ರೂ?”

ನಾನು ಅಮ್ಮನಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಬೈಗುಳ ಅಷ್ಟು ಇಂಪಾಗಿ ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಎದ್ದಿದೆ! ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಸಂಜೆ ಉಳಿದ ಹಿಟ್ಟು ಬಂತು. ಘಾಟಿಯ ತಿರುವುಗಳಲ್ಲಿ ಕುಲುಕಿ ಸ್ವಲ್ಪ ಇಳಿದಿತ್ತು. ಅಮ್ಮ ಅದಕ್ಕೆ ಸೌಟು ಮುಟ್ಟಿಸಲು ಬಿಡಲಿಲ್ಲ. “ದಣಿದು ಬಂದಿದೆ, ಮಲಗ್ಲಿ” ಅಂದಳು. ಇಷ್ಟು ದಿನ ಶಾಪ ಹಾಕಿಸಿಕೊಂಡ ಚಳಿ ರಾತ್ರಿಯೆಲ್ಲ ಅದನ್ನು ಹುಳಿಯಾಗದಂತೆ ಕಾದುಕೊಂಡಿತು. ಬೆಳಿಗ್ಗೆ ಇಡ್ಲಿ ಸುಮಾರಾಗಿತ್ತು, ಹೂವಿನ ಹಾಗೇನೂ ಅಲ್ಲ. ಅರ್ಧ ಜನಕ್ಕೆ ಸಾಲಲಿಲ್ಲ. “ಸಾಲ್ದಿರೋದೇ ಒಳ್ಳೇದಾಯ್ತು” ಅಂದ ಗಣೇಶ, ಉಳಿದವರಿಗೆ ಕೇಳುವ ಹಾಗೆ. ಆದರೆ ಯಾರೂ ತಟ್ಟೆಯಲ್ಲಿ ಬಿಡಲಿಲ್ಲ. ನಾನು ಬುಟ್ಟಿ ನೋಡಿದೆ, ನಾಯಿಗೆ ಏನೂ ಇರಲಿಲ್ಲ.

ಮುಂದೆ ಎರಡು ಕ್ಯಾನ್ ಮಾಡಿದೆವು, ಎರಡಕ್ಕೂ ಅರ್ಧರ್ಧ. ಅಮ್ಮ ಉದ್ದು ಒಂದು ಹಿಡಿ ಹೆಚ್ಚಿಸಿದಳು. ಅಕ್ಕ ಕೋಳಿಗಳನ್ನು ಕೂಡಿಹಾಕಿ ಕಾವಲು ಕೂತಳು. ಇಡ್ಲಿ ದಿನದಿಂದ ದಿನಕ್ಕೆ ಮೆದುವಾಯಿತು, ಚಳಿ ದಿನದಿಂದ ದಿನಕ್ಕೆ ಏರಿತು. ಕ್ಯಾನ್ ಹತ್ತಿಸುವಾಗ ಗಣೇಶನ ಮಾತು ಮಾತ್ರ ತಪ್ಪುತ್ತಿರಲಿಲ್ಲ.

“ಬೆಳಿಗ್ಗೆ ನೀನು ಅಕ್ಕಂಗೆ ಕಳಿಸ್ತೀಯ, ಸಂಜೆ ಅವಳು ಅಮ್ಮಂಗೆ ಅಂತ ವಾಪಸ್ ಕಳಿಸ್ತಾಳೆ. ಎಂತ ನಿಮ್ಮ ಮನೆಯವರು ನನ್ನ ಬಸ್ಸಲ್ಲಿ ಚೆಂಡಾಟ ಆಡ್ತಿದೀರಾ? ಮಜ್ಜಿಗೆನಾ ಅದು?”

“ಹಂಗೇ ಅಂದ್ಕೊಳ್ಳಿ.”

ಇಡ್ಲಿ ಬಗ್ಗೆ ಅವನು ಒಳ್ಳೆಯದು ಕೆಟ್ಟದ್ದು ಎರಡೂ ಹೇಳುತ್ತಿರಲಿಲ್ಲ. ಮಾತು ಭಾನುವಾರಕ್ಕೇ ಉಳಿಸಿಕೊಂಡಿದ್ದನೇನೋ.

ಹವಾಮಾನದವರು ಹೇಳಿದ್ದು ಸುಳ್ಳಾಗಲಿಲ್ಲ. ಭಾನುವಾರ ನಲ್ಲಿಯ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಎದುರಿನ ಮರ ಕಾಣುತ್ತಿರಲಿಲ್ಲ. ಬಸ್ಸು ಹೆಡ್‌ಲೈಟ್ ಹಾಕಿಕೊಂಡು ತೆವಳುತ್ತಾ ಬಂತು. ಜನ ಕಂಬಳಿ, ಮಫ್ಲರ್ ಸುತ್ತಿಕೊಂಡು, ಅಂಗೈಗೆ ಉಸಿರು ಬಿಡುತ್ತಾ ಇಳಿದರು. ಅಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಹೋಟೆಲು ತುಂಬಿತು.

ನಾನು ಗಣೇಶನ ಮುಂದೆ ತಟ್ಟೆ ಇಟ್ಟೆ. ಅವನು ತಿನ್ನಲಿಲ್ಲ. ಮೊದಲು ಬೆರಳಿಂದ ಒತ್ತಿ ನೋಡಿದ. ಇಡ್ಲಿ ತಗ್ಗಿ ಮತ್ತೆ ಮೇಲೆ ಬಂತು. ಇನ್ನೊಂದು ಸಲ ಒತ್ತಿದ. ಆಮೇಲೆ ಮುರಿದು ಬಾಯಿಗಿಟ್ಟ. ಒಂದು ಹೋಯಿತು. ಎರಡನೆಯದೂ ಹೋಯಿತು. ಅಷ್ಟರಲ್ಲಿ ಜಯಪ್ಪಣ್ಣ ತಟ್ಟೆ ಚಾಚಿದ.

“ಇನ್ನೆರಡು ಹಾಕೋ ಹುಡುಗಾ. ಸಾಂಬಾರು ಬೇರೆ ಕೊಡು, ನೆನೆಸಬೇಡ.”

ಗಣೇಶ ಕೈ ಒರೆಸಿಕೊಂಡು ಎದ್ದು ನಿಂತ. ಹಿಂದಿನ ಸೋಮವಾರ ನಿಂತ ಹಾಗೇ, ಎಲ್ಲರಿಗೂ ಕೇಳುವ ಹಾಗೆ.

“ಇದು ಇವನ ಕೈದಲ್ಲ. ಈ ಚಳಿಗೆ ಇಲ್ಲಿ ಇಂಥ ಹಿಟ್ಟು ಏಳಲ್ಲ, ನಂಗೊತ್ತು. ಎಲ್ಲೋ ಕೆಳಗಿನಿಂದ ತರಿಸಿದಾನೆ.”

ಬೆಂಚಿನವರು ತಿನ್ನುವುದು ನಿಲ್ಲಿಸಿ ನನ್ನ ಕಡೆ ನೋಡಿದರು. ಒಳಗೆ ಅಮ್ಮನ ಸೌಟಿನ ಸದ್ದು ನಿಂತಿತು.

“ಯಾರು ತಂದ್ರೇನಯ್ಯಾ ನಿಂಗೆ,” ಅಂದ ಜಯಪ್ಪಣ್ಣ, ಬಾಯಿ ತುಂಬಿಕೊಂಡೇ. “ನಾಳೆನೂ ಗಾಡಿ ನಿಲ್ಲೋದು ಇಲ್ಲೇ. ಹೊಸಂಗಡಿಗೆ ನೀನು ನಡ್ಕೊಂಡು ಹೋಗು.”

ಜನ ನಕ್ಕರು. ಗಣೇಶನೂ ನಗಲಿಕ್ಕೆ ಬಂದದ್ದನ್ನು ಮೀಸೆಯಲ್ಲೇ ತಡೆದು ಖಾಲಿ ತಟ್ಟೆ ನನ್ನ ಕಡೆ ನೂಕಿದ.

“ಆಯ್ತು ಮಾರಾಯ, ನಿಲ್ಲಿಸ್ತೀನಿ. ದಿನಾ ನಿಲ್ಲಿಸ್ತೀನಿ. ಆದ್ರೆ ಒಂದು ನಿಜ ಹೇಳ್ಬಿಡು. ಇಷ್ಟು ದೂರ ನಿಂಗೆ ಇದನ್ನ ಹೊತ್ತು ತಂದುಕೊಡೋ ಪುಣ್ಯಾತ್ಮ ಯಾರೋ?”

ಉತ್ತರ ನಾಲಿಗೆ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಜನ ಅವನನ್ನು ನೋಡಿ ನಗುವುದು ಕುಂದಾಪುರದ ತನಕ ನಿಲ್ಲುತ್ತಿರಲಿಲ್ಲ.

ಬಾಗಿಲ ಪಕ್ಕ ಅವತ್ತಿನ ಎರಡು ಕ್ಯಾನ್ ಗೋಣಿಚೀಲದಲ್ಲಿ ಕಟ್ಟಿ ಸಿದ್ಧವಾಗಿದ್ದವು. ಎರಡು ಕೈಗೆ ಎರಡು ಎತ್ತಿಕೊಂಡೆ. ಅವನ ಪಕ್ಕದಿಂದಲೇ ಹಾದು, ಮಂಜಿನಲ್ಲಿ ಇಂಜಿನ್ ಗುರುಗುಟ್ಟುತ್ತಿದ್ದ ಬಸ್ಸಿನ ಕಡೆಗೆ ನಡೆದೆ.