ಗುದ್ದಿನ ತಿರುವಿನ ಸಿಳ್ಳೆ

ಊರಿಗೆ ಕಾರ್ ರೇಸ್ ಬಂತೆಂದರೆ ಎಲ್ಲಿ ಕೂರಬೇಕು ಅನ್ನುವುದೇ ಒಂದು ದೊಡ್ಡ ಜಗಳ. ನೆರಳಿರುವ ಜಾಗ ಯಾರಿಗೂ ಬೇಡ. ಗೆಲ್ಲುವ ಗೆರೆಯ ಪಕ್ಕವೂ ಬೇಡ. ಎಲ್ಲರಿಗೂ ಬೇಕಾದದ್ದು ಗುದ್ದಿನ ತಿರುವು. ಟ್ರ್ಯಾಕಿನವರು ಅದಕ್ಕೆ ಬೇರೇನೋ ಹೆಸರಿಟ್ಟು ಬೋರ್ಡು ಕೂಡ ಹಾಕಿದ್ದಾರೆ, ಓದುವವರು ಯಾರು? ಅಲ್ಲಿ ದಾರಿ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಶಾಲೆ ಬಿಟ್ಟಾಗ ಮಕ್ಕಳೆಲ್ಲ ಒಂದೇ ಬಾಗಿಲಿಗೆ ನುಗ್ಗುವ ಹಾಗೆ ಕಾರುಗಳು ನುಗ್ಗುತ್ತವೆ. ಯಾವುದಾದರೂ ಒಂದು ಗುದ್ದಿಯೇ ಗುದ್ದುತ್ತದೆ. ಬೆಳಿಗ್ಗೆ ಬೇಗ ಎದ್ದು ಹೋಗಿ ಅಲ್ಲಿನ ಮೆಟ್ಟಿಲುಗಳ ಮೇಲೆ ಚಾಪೆ ಹಾಸಿದವರೇ ಪುಣ್ಯವಂತರು.

ಇದು ಟೂರಿಂಗ್ ಕಾರ್ ರೇಸು. ನಮ್ಮ ಬೀದಿಯಲ್ಲಿ ಓಡಾಡುವ ಕಾರುಗಳಂಥವೇ ಕಾರುಗಳು. ಬಾಗಿಲಿದೆ, ಕನ್ನಡಿ ಇದೆ, ತಲೆಯ ಮೇಲೆ ಸೂರಿದೆ. ಒಂದರ ಮೈಗೆ ಇನ್ನೊಂದು ಮೈ ಉಜ್ಜಿಕೊಂಡೇ ಓಡುತ್ತವೆ. ಅದಕ್ಕೇ ಇರಬೇಕು, ಗುದ್ದಾಟವೂ ಆಟದಲ್ಲಿ ಸೇರಿದ್ದೇ ಅಂತ ಜನಕ್ಕೆ ಅನ್ನಿಸಿಬಿಟ್ಟಿದೆ.

ಆ ತಿರುವಿನ ಪುಣ್ಯವಂತರಲ್ಲಿ ಮೊದಲನೆಯವನು ಸುತ್ತಿಗೆಯಣ್ಣ. ಟಿಂಕರಿಂಗ್ ಶೆಡ್ ಇಟ್ಟುಕೊಂಡಿದ್ದಾನೆ. ನೆಗ್ಗಿದ ಬಾಗಿಲು, ಮುದುಡಿದ ಬಾನೆಟ್ಟು ಏನೇ ಬರಲಿ, ಬಡಿದು ಬಡಿದು ಮೊದಲಿನ ರೂಪಕ್ಕೆ ತರುತ್ತಾನೆ. ರೇಸಿನಲ್ಲಿ ಕಾರು ಗುದ್ದಿತೆಂದರೆ ಅವನು ಕಣ್ಣು ಮುಚ್ಚಿ ಸದ್ದು ಕೇಳಿಸಿಕೊಂಡು, "ಎಡಗಡೆ ಬಾಗಿಲು ಹೋಯ್ತು!" ಅನ್ನುತ್ತಾನೆ. ಹೇಳಿದ್ದು ಸರಿಯಿದ್ದರೆ ಎರಡು ಬೆರಳು ಬಾಯಲ್ಲಿಟ್ಟು ಒಂದು ಸಿಳ್ಳೆ ಹೊಡೆಯುತ್ತಾನೆ ನೋಡಿ, ಮೂರು ಬೀದಿ ದಾಟಿ ಕೇಳಿಸಬೇಕು! ಆಮೇಲೆ ಇಡೀ ತಿರುವೇ ಸಿಳ್ಳೆ ಹೊಡೆಯುತ್ತದೆ.

ಈ ವರ್ಷ ಅವನಿಗೆ ಹೆಮ್ಮೆ ಪಡಲು ಇನ್ನೊಂದು ಕಾರಣವಿತ್ತು. ಅಕ್ಕನ ಮಗಳು ಪುಟ್ಟಿ ಅದೇ ತಿರುವಿನಲ್ಲಿ ಮಾರ್ಷಲ್ ಆಗಿದ್ದಳು. ಬಾವುಟ ಬೀಸುವುದು, ಕಾರು ಗುದ್ದಿದರೆ ಓಡಿಹೋಗಿ ಒಳಗಿದ್ದವರಿಗೆ ನೆರವಾಗುವುದು ಮಾರ್ಷಲ್‌ಗಳ ಕೆಲಸ. ಪುಟ್ಟಿ ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ದುಡಿದು, ರಜದ ದಿನ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಟ್ರ್ಯಾಕಿಗೆ ಹೋಗುತ್ತಾಳೆ. ಅಮ್ಮ ಇಲ್ಲದ ಹುಡುಗಿ. ಮಾತು ಕಲಿಯುವ ಮೊದಲೇ ಮಾವನ ಮನೆ ಸೇರಿದವಳು. ಮಾವನಿಗೂ ಅತ್ತೆಗೂ ಅವಳೇ ಪ್ರಾಣ.

ಅವತ್ತು ರೇಸು ಅರ್ಧ ಮುಗಿದಿತ್ತು. ಎರಡು ಕಾರು ಒಟ್ಟಿಗೇ ತಿರುವಿಗೆ ನುಗ್ಗಿದವು. ಒಂದು ಗಿರ್ರನೆ ತಿರುಗಿ ಟೈರು ಪೇರಿಸಿದ ಗೋಡೆಗೆ ಹೋಗಿ ಬಡಿಯಿತು.

"ಹಿಂದಿನ ಬಂಪರ್ರು!" ಅಂದ ಸುತ್ತಿಗೆಯಣ್ಣ.

ಸರಿಯಾಗಿಯೇ ಹೇಳಿದ್ದ. ಪಕ್ಕದಲ್ಲಿದ್ದ ಬೇಕರಿಯವನು ಫೋನು ಎತ್ತಿ ವಿಡಿಯೋ ಶುರುಮಾಡಿದ. ಜನ ಎದ್ದು ಬೇಲಿಗೆ ಆತುಕೊಂಡರು. ಅಷ್ಟರಲ್ಲಿ ಕಿತ್ತಳೆ ಅಂಗಿಯ ಪುಟ್ಟಿ ಓಡಿಹೋಗಿ ಆ ಕಾರಿನ ಕಿಟಕಿಗೆ ಬಗ್ಗಿದಳು.

"ನಮ್ ಪುಟ್ಟಿ ಕಣ್ರೋ! ನಮ್ ಪುಟ್ಟಿ!"

ಎರಡು ಬೆರಳು ಬಾಯಿಗೆ ಹೋದವು. ಅಷ್ಟು ಜೋರಾಗಿ ಅವನು ಯಾವತ್ತೂ ಸಿಳ್ಳೆ ಹೊಡೆದಿರಲಿಲ್ಲ. ಸುತ್ತಲಿನವರೂ ಸೇರಿಕೊಂಡರು. ಸಿಳ್ಳೆ ಮುಗಿಸಿ ನಗುತ್ತಿದ್ದ ಅವನಿಗೆ ಇನ್ನೊಂದು ಕಾರು ಜಾರುತ್ತಾ ಬಂದದ್ದು ಕಾಣಿಸಿದ್ದು ಅರೆಬರೆ. ಯಾರೋ ಪುಟ್ಟಿಯನ್ನು ಎಳೆದ ಹಾಗಾಯಿತು, ಅವಳು ಬಿದ್ದಳು, ಎದ್ದಳು. ಕಾಲು ಜಾರಿರಬೇಕು ಅಂದುಕೊಂಡು ಅವನು ಚಾಪೆಯ ಮೇಲೆ ಕೂತ.

ಸಂಜೆ ಮನೆಗೆ ಬಂದಾಗ ಪುಟ್ಟಿಯ ಮೊಣಕೈ ತರಚಿತ್ತು. ಅಡುಗೆಮನೆಯ ಮಣೆಯ ಮೇಲೆ ಕೂರಿಸಿ ಅತ್ತೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಸುತ್ತಿಗೆಯಣ್ಣ ಬಾಗಿಲಿಗೆ ಒರಗಿ ನಿಂತ.

"ಇಷ್ಟಕ್ಕೆಲ್ಲ ಮುಖ ಸಣ್ಣ ಮಾಡ್ಕೊಂಡ್ರೆ ಹೇಗೆ ಪುಟ್ಟಿ? ಇಡೀ ತಿರುವು ನಿನಗೇ ಸಿಳ್ಳೆ ಹೊಡೀತು ಗೊತ್ತಾ? ಶುರುಮಾಡಿದ್ದೇ ನಾನು."

"ಗೊತ್ತಾಯ್ತು ಮಾವ. ಕೇಳಿಸ್ತು."

"ಮತ್ತೆ?"

ಪುಟ್ಟಿ ಮಾವನ ಕಡೆ ತಿರುಗಿದಳು. ಅತ್ತೆ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

"ಮಾವ, ನಾವು ಕಾರಿನ ಹತ್ರ ಹೋಗುವಾಗ ಇಬ್ರಿಬ್ರು ಹೋಗ್ತೀವಿ. ಒಬ್ರು ಕಾರಿನ ಒಳಗೆ ನೋಡ್ತಾರೆ. ಇನ್ನೊಬ್ರು ಬರೋ ಕಾರುಗಳ ಕಡೆ ಮುಖ ಮಾಡಿ ನಿಲ್ತಾರೆ. ಯಾವುದಾದ್ರೂ ಕಾರು ದಾರಿ ಬಿಟ್ಟು ನಮ್ಮ ಮೇಲೆ ಬಂದ್ರೆ ವಿಷಲ್ ಊದ್ತಾರೆ. ಅದು ಕೇಳಿದ ತಕ್ಷಣ ಕೈಲಿದ್ದಿದ್ದು ಬಿಟ್ಟು ಓಡಬೇಕು."

"ಸರಿ, ಓಡಬೇಕಿತ್ತು."

"ಯಾವ ಸಿಳ್ಳೆಗೆ ಓಡಲಿ ಮಾವ? ಎಲ್ಲಾ ಕಡೆ ಸಿಳ್ಳೆ."

ಸುತ್ತಿಗೆಯಣ್ಣ ಅಷ್ಟು ಸುಲಭಕ್ಕೆ ಸೋಲುವ ಆಸಾಮಿಯಲ್ಲ. "ಅಷ್ಟು ಜನ ಹೊಡೀತಾರೆ, ನಂದೊಂದೇ ಹೆಚ್ಚಾಯ್ತಾ? ದುಡ್ಡು ಕೊಟ್ಟು ಬಂದಿರ್ತಾರೆ. ಮಜಾ ಮಾಡ್ಬಾರ್ದಾ? ಗುದ್ದೇ ಇಲ್ದಿದ್ರೆ ಆ ರೇಸು ಯಾರಿಗೆ ಬೇಕು?"

"ಮಜಾ ಮಾಡಿ, ಯಾರು ಬೇಡ ಅಂದ್ರು? ಒಂದು ಕಾರು ಇನ್ನೊಂದನ್ನ ಹಿಂದೆ ಹಾಕಿದಾಗ ಬೇಕಾದ್ರೆ ಊರೇ ಹಾರಿಹೋಗೋ ಹಾಗೆ ಸಿಳ್ಳೆ ಹೊಡೀರಿ. ಮೈ ಉಜ್ಜಿಕೊಂಡು ಓಡಿದ್ರೂ ಕುಣೀರಿ. ಕಾರು ಗುದ್ದಿ ನಿಂತಾಗ ಮಾತ್ರ ಬೇಡ. ನೀವು ಸದ್ದು ಕೇಳಿ ಬಾಗಿಲು ಹೋಯ್ತು ಅಂತೀರಲ್ಲ ಮಾವ, ಬಾಗಿಲಿಗೆ ಆತುಕೊಂಡು ಒಳಗೆ ಒಬ್ಬರು ಕೂತಿರ್ತಾರೆ."

ಅತ್ತೆ ಗಂಡನ ಕಡೆ ತಿರುಗಿದಳು. "ಶೆಡ್ಡಿಗೆ ಬರೋ ಕಾರಲ್ಲಿ ಜನ ಇರಲ್ಲ ನೋಡಿ. ನಿಮಗೆ ತಗಡು ಮಾತ್ರ ಕಾಣೋದು."

ಮಾತು ನಾಟಿತು. ಆದರೂ ಅವನು ಗೊಣಗಿದ. "ನಿನಗೆ ಹುರುಪಾಗಲಿ ಅಂತ ಹೊಡೆದೆ ಕಣೇ."

"ಅದೇ ಮಾವ ನನಗೆ ಸಂಕಟ." ಪುಟ್ಟಿಯ ದನಿ ಸಣ್ಣಗಾಯಿತು. "ಚಿಕ್ಕವಳಿದ್ದಾಗ ಆಟಕ್ಕೆ ಹೋದ್ರೆ ನೀವು ಅದೇ ಸಿಳ್ಳೆ ಹೊಡೆದು ತಾನೇ ಕರೀತಿದ್ದಿದ್ದು? ಅದು ಕೇಳಿದ್ರೆ ಇವತ್ತಿಗೂ ನನಗೆ, ಮಾವ ಇಲ್ಲೇ ಇದ್ದಾರೆ, ಇನ್ನೇನೂ ಆಗಲ್ಲ ಅನ್ನಿಸುತ್ತೆ. ಇವತ್ತು ನಮ್ಮವರು ವಿಷಲ್ ಊದಿದ್ದೂ ಕಿವಿಗೆ ಬಿತ್ತು. ನಿಮ್ಮದೇ ಅಂದುಕೊಂಡೆ. ಧೈರ್ಯವಾಗಿ ಹಾಗೇ ಬಗ್ಗಿದ್ದೆ."

ಸುತ್ತಿಗೆಯಣ್ಣ ಹತ್ತಿರ ಬಂದು ಮಣೆಯ ಪಕ್ಕ ನೆಲದ ಮೇಲೇ ಕೂತು, ಹೆಂಡತಿಯ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಆ ಮೊಣಕೈ ಒರೆಸತೊಡಗಿದ.

"ನೋಯ್ತಿದೆಯಾ?"

"ಇಲ್ಲ ಮಾವ."

"ಸುಳ್ಳು ಹೇಳ್ಬೇಡ."

"ಸ್ವಲ್ಪ," ಅಂದಳು ಪುಟ್ಟಿ, ನಕ್ಕಳು. ಅವನು ಅತ್ತುಬಿಟ್ಟ.

ಮರುದಿನ ಬೇಕರಿಯವನು ಬನ್ನಿನ ಪೊಟ್ಟಣದ ಜೊತೆ ಫೋನೂ ಹಿಡಿದುಕೊಂಡು ಶೆಡ್ಡಿಗೆ ಬಂದ. ಮುಖ ಊರಗಲ.

"ಅಣ್ಣಾ, ವಿಡಿಯೋ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ! ಈಗಾಗಲೇ ಎಲ್ಲರಿಗೂ ಕಳಿಸಿದೀನಿ. ನೋಡಿ, ನೋಡಿ."

ಸುತ್ತಿಗೆಯಣ್ಣ ನೋಡಿದ. ಜಾರಿ ಬಂದ ಕಾರಿಗೂ ಪುಟ್ಟಿಯ ಬೆನ್ನಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಜೊತೆಯವಳು ಅಂಗಿ ಹಿಡಿದು ಎಳೆಯದೆ ಹೋಗಿದ್ದರೆ? ಆ ಗಳಿಗೆಗೆ ಸರಿಯಾಗಿ ವಿಡಿಯೋದಲ್ಲಿ ಯಾರೋ ಗಹಗಹಿಸಿ ನಗುತ್ತಿದ್ದರು. ಅದು ಅವನದೇ ನಗು.

"ಇದನ್ನ ಅಳಿಸು."

"ಯಾಕಣ್ಣಾ? ಒಂದು ವಿಡಿಯೋದಿಂದ ಯಾರಿಗೆ ಏನಾಗುತ್ತೆ?"

"ಅಲ್ಲಿ ಬಗ್ಗಿ ನಿಂತಿರೋಳು ನಮ್ ಪುಟ್ಟಿ. ಅವಳತ್ತೆ ನಿನ್ನೆ ಮನೇಲಿದ್ಲು. ಪುಟ್ಟಿ ಮನೆಗೆ ಬರೋ ಮೊದಲು ಇದು ಅವಳತ್ತೆ ಫೋನಿಗೆ ಹೋಗಿದ್ರೆ? ಕಾರಲ್ಲಿದ್ದವನ ಮನೆಯವರಿಗೆ ಹೋಗಿದ್ರೆ? ಅವನು ಬದುಕಿದ್ದಾನೋ ಇಲ್ಲವೋ ಗೊತ್ತಿಲ್ದೆ ಈ ನಗು ಕೇಳಿಸ್ಕೋಬೇಕಿತ್ತು ಅವರು."

ಬೇಕರಿಯವನ ಮುಖ ಇಳಿಯಿತು. ಬನ್ನಿನ ಪೊಟ್ಟಣ ಬೆಂಚಿನ ಮೇಲಿಟ್ಟು, ವಿಡಿಯೋ ಅಳಿಸಿದ. ಕಳಿಸಿದ ಕಡೆಗೆಲ್ಲ ಅಳಿಸಿ ಅಂತ ಹೇಳುವಷ್ಟರಲ್ಲಿ ಅವನ ಮಧ್ಯಾಹ್ನದ ವ್ಯಾಪಾರವೇ ಹೋಯಿತು.

ಮುಂದಿನ ರೇಸಿಗೂ ಸುತ್ತಿಗೆಯಣ್ಣ ಅದೇ ತಿರುವಿಗೆ ಹೋದ. ಹೋಗದೆ ಇರಲು ಅವನೇನು ಸನ್ಯಾಸಿಯೇ? ಚಾಪೆಯಿಂದ ಚಾಪೆಗೆ ಹೋಗಿ ಒಬ್ಬೊಬ್ಬರಿಗೂ ಹೇಳಿದ. ಕಾರು ಗುದ್ದಿ ನಿಂತರೆ ಸಿಳ್ಳೆ ಬೇಡ, ಕಿರುಚಾಟ ಬೇಡ. ಬೇಲಿಯ ಗೇಟಿಗೆ ಅಡ್ಡ ನಿಲ್ಲಬೇಡಿ, ಆಂಬುಲೆನ್ಸಿನವರು ಬರುವುದು ಅಲ್ಲಿಂದಲೇ. ಕಾರಿನ ಒಡೆದ ತುಂಡು ಆಯ್ದುಕೊಳ್ಳಲು ಬೇಲಿ ಹಾರಬೇಡಿ. ಕೆಲವರು ಮೂಗು ಮುರಿದರು. "ಇದೇನು ಮಾಸ್ತರಾಗಿಬಿಟ್ರಲ್ಲ!" ಅಂತ ಒಬ್ಬ ಕಿಚಾಯಿಸಿದ. ಅವನು ಯಾರ ಮೇಲೂ ರೇಗಲಿಲ್ಲ. ಪುಟ್ಟಿ ನಿಂತಿದ್ದ ಕಡೆ ಕೈ ತೋರಿಸಿ, "ಅದು ನನ್ನ ಮಗು," ಅಂದ, ಅಷ್ಟೇ.

ಮಧ್ಯಾಹ್ನ ಗುದ್ದು ಆಗಿಯೇ ಹೋಯಿತು. ಕಾರೊಂದು ಗೋಡೆಗೆ ಬಡಿದು ಮಗುಚಿತು, ಮತ್ತೆ ಉರುಳಿ ನೆಟ್ಟಗಾಯಿತು. ಕೆಂಪು ಬಾವುಟ ಬೀಸಿದರು. ರೇಸು ನಿಂತಿತು. ಯಾರದೋ ಬಾಯಿಗೆ ಹೋದ ಬೆರಳನ್ನು ಬೇಕರಿಯವನು ಹಿಡಿದು ಕೆಳಗಿಳಿಸಿದ. ಒಬ್ಬರನ್ನು ನೋಡಿ ಒಬ್ಬರು ಸುಮ್ಮನಾದರು. ಗುದ್ದಿನ ತಿರುವು ಅಷ್ಟು ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ. ಬೇಲಿಯ ಆಚೆಯಿಂದ ಪುಟ್ಟಿಯ ದನಿ ಸ್ಪಷ್ಟವಾಗಿ ಕೇಳಿಸಿತು.

"ಅಣ್ಣಾ, ಕುತ್ತಿಗೆ ಅಲ್ಲಾಡಿಸಬೇಡಿ. ಎಲ್ಲಿ ನೋಯ್ತಿದೆ?"

"ಕಾಲು... ಕಾಲು ಸಿಕ್ಕೊಂಡಿದೆ." ಒಳಗಿನಿಂದ ಚಿಕ್ಕ ವಯಸ್ಸಿನ ದನಿ. "ಅಮ್ಮ ಬಂದಿದ್ದಾಳೆ. ಅಲ್ಲೇ ಮೇಲೆ ಎಲ್ಲೋ ಕೂತಿದ್ದಾಳೆ. ನಾನು ಮಾತಾಡ್ತಿದೀನಿ ಅಂತ ಅವಳಿಗೆ ಹೇಳ್ತೀರಾ?"

ಪುಟ್ಟಿ ಕಾರು ಬಿಟ್ಟು ಬರುವ ಹಾಗಿರಲಿಲ್ಲ. ಸುತ್ತಿಗೆಯಣ್ಣ ಹಿಂದಕ್ಕೆ ತಿರುಗಿ ಮೆಲ್ಲಗೆ ಹೇಳಿದ. "ಮಾತಾಡ್ತಿದ್ದಾನೆ. ಅವರಮ್ಮನಿಗೆ ಹೇಳಿ." ಬೇಕರಿಯವನು ಹಿಂದಿನ ಸಾಲಿಗೆ ಹೇಳಿದ. ಕಿಚಾಯಿಸಿದ್ದವನೂ ತನ್ನ ಹಿಂದಿನವರಿಗೆ ಹೇಳಿದ. ಮಾತಾಡ್ತಿದ್ದಾನಂತೆ, ಅವರಮ್ಮ ಎಲ್ಲಿದ್ದಾರೆ, ಮಾತಾಡ್ತಿದ್ದಾನಂತೆ. ಸಾಲಿನಿಂದ ಸಾಲಿಗೆ ಆ ಮಾತು ಮೆಟ್ಟಿಲು ಹತ್ತಿತು. ತೀರಾ ಮೇಲಿನ ಸಾಲಿನಲ್ಲಿ ಎದ್ದು ನಿಂತಿದ್ದ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು. ಗುರುತು ಪರಿಚಯ ಇಲ್ಲದವರೆಲ್ಲ ಅವಳ ಭುಜ ಹಿಡಿದುಕೊಂಡರು. ಕಾಲು ಬಿಡಿಸಿಕೊಂಡು ಆ ಹುಡುಗ ಹೊರಗೆ ಬಂದಾಗ ಬಿದ್ದ ಚಪ್ಪಾಳೆಗೆ ಲೆಕ್ಕವಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ರೇಸಿಗೆ ಖಂಡಿತ ಹೋಗಿ. ಕೂಗಿ, ಕುಣಿಯಿರಿ, ಗಂಟಲು ಬೀಳುವವರೆಗೆ ಸಿಳ್ಳೆ ಹೊಡೆಯಿರಿ. ಕಾರು ಗುದ್ದಿ ನಿಂತಿತೋ, ಅಲ್ಲಿಗೆ ಸುಮ್ಮನಾಗಿ. ಬೇಲಿ ದಾಟಬೇಡಿ, ಗೇಟು ಬಿಡಿ, ಫೋನು ಜೇಬಿನಲ್ಲಿರಲಿ. ಆ ಬಾಗಿಲು ತೆರೆದು ಅವರು ಹೊರಗೆ ಬರುವವರೆಗೆ, ಅವರ ಮನೆಯವರು ಕಾಯುವ ಹಾಗೆ ನೀವೂ ಕಾಯಿರಿ.