ಕಲ್ಲುಸಕ್ಕರೆಯ ಚೀಲ

ಕಮಲಾಪುರದ ಬಸ್ಸು ಹತ್ತಿದಾಗಲೆಲ್ಲ ಪಂಚಶೀಲಾ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಸಕ್ಕರೆ ತೆಗೆದಿಟ್ಟವಳು ನಾನು. ಇಷ್ಟೇ. ಬಸ್ಸು ಕಲಬುರಗಿ ದಾಟಿ ಊರು ಮುಟ್ಟುವಷ್ಟರಲ್ಲಿ ಅದು ಬಾಯಲ್ಲೇ ಒಣಗಿರುತ್ತಿತ್ತು. ಹತ್ತು ತಿಂಗಳಿನಿಂದ ಹೀಗೇ. ಅತ್ತೆ ಕಟ್ಟಿಕೊಟ್ಟ ಕೆಂಪು ಬಾಳೆಹಣ್ಣು ಹಿಡಿದುಕೊಂಡು, ಏನೂ ಹೇಳದೆ ತಿರುಗಿ ಬರುತ್ತಿದ್ದಳು.

ಅವಳ ಗಂಡ ಆನಂದಕುಮಾರನಿಗೆ ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡೇ ಓದಿದ, ಚುಚ್ಚಿಕೊಂಡೇ ನೌಕರಿಗೆ ಸೇರಿದ, ಮದುವೆಯ ದಿನವೂ ಚುಚ್ಚಿಕೊಂಡೇ ಊಟಕ್ಕೆ ಕೂತ. ಅದರ ಮೇಲೆ ಓಟದ ಹುಚ್ಚು. ಬೆಳಕು ಹರಿಯುವ ಹೊತ್ತಿಗೆ ಕುಸನೂರಿನ ಬಾಡಿಗೆ ಮನೆಯಿಂದ ಹೊರಟು ವಿಶ್ವವಿದ್ಯಾಲಯದ ಕಡೆ ಐದು ಕಿಲೋಮೀಟರು ಓಡಿ ಬರುತ್ತಿದ್ದ. ಓಡುವಾಗ ಸಕ್ಕರೆ ಒಮ್ಮೆಲೇ ಇಳಿದರೆ ಕೈ ನಡುಗುತ್ತದೆ, ನಾಲಿಗೆ ತೊದಲುತ್ತದೆ; ಆಗಿಂದಾಗಲೇ ಬಾಯಿಗೆ ಸಿಹಿ ಬೀಳಬೇಕು. ಅದಕ್ಕೆಂದೇ ಅವನ ತಾಯಿ ತುಳಜಾಬಾಯಿ ಹಳೆಯ ಜೀನ್ಸ್ ಬಟ್ಟೆಯಲ್ಲಿ ಸೊಂಟಕ್ಕೆ ಕಟ್ಟುವ ಅಂಗೈಯಗಲದ ಚೀಲ ಹೊಲಿದು ಕೊಟ್ಟಿದ್ದಳು. ಕೀಲಿ, ಮೊಬೈಲಿಗೆ ಒಳಖಾನೆ. ಕಲ್ಲುಸಕ್ಕರೆಗೆ ಮುಂದೊಂದು ಪುಟ್ಟ ಕಿಸೆ, ಅದಕ್ಕೆ ಕರಿ ಗುಂಡಿ. ಕಿಸೆ ತುಂಬುವ ಕೆಲಸ ಪಂಚಶೀಲಾಳದು.

ಒಂದು ಭಾನುವಾರ ನೋಡಿದರೆ ಬೆವರಿಗೆ ಸಕ್ಕರೆ ಕರಗಿ ಚೀಲಕ್ಕೆ ಇರುವೆ ಮುತ್ತಿದ್ದವು. ಅವಳು ಚೀಲ ಒಗೆದು ಹಾಕಿದಳು. ಹೊಸ ಕಲ್ಲುಸಕ್ಕರೆಯನ್ನು ಸ್ಟೀಲಿನ ಡಬ್ಬಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಹೇಳಬೇಕೆಂದುಕೊಂಡಳು, ನಿದ್ದೆ ಬಂತು. ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಇನ್ನೂ ಹಸಿಯಿದ್ದ ಚೀಲವನ್ನು ಕಟ್ಟಿಕೊಂಡು ಹೋಗಿದ್ದ. ಕಿಸೆ ತುಂಬಿದೆಯೋ ಇಲ್ಲವೋ ಎಂದು ಅವನು ಯಾವತ್ತೂ ಮುಟ್ಟಿ ನೋಡಿದವನಲ್ಲ.

ರಸ್ತೆಯ ಬದಿ ತೊದಲುತ್ತ ಕುಸಿದವನನ್ನು ಕಂಡವರು, ಬೆಳಿಗ್ಗೆ ಬೆಳಿಗ್ಗೆಯೇ ಕುಡಿದಿದ್ದಾನೆ ಎಂದು ಮರದ ಬುಡಕ್ಕೆ ಒರಗಿಸಿ ಹೋದರಂತೆ. ಎರಡು ತಾಸು ಅಲ್ಲೇ ಇದ್ದ; ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಚೀಲ ಮನೆಗೆ ಬಂದಾಗ ಮುಂದಿನ ಕಿಸೆ ಬಾಯಿ ತೆರೆದಿತ್ತು, ಗುಂಡಿ ಇರಲಿಲ್ಲ. ಅದನ್ನು ನೋಡಿದ್ದೇ ತುಳಜಾಬಾಯಿ ತೀರ್ಮಾನ ಮಾಡಿಬಿಟ್ಟಳು: ಗುಂಡಿ ಕಿತ್ತುಹೋಗಿದೆ, ಓಡುವಾಗ ಸಕ್ಕರೆ ಉದುರಿದೆ. ಗುಂಡಿ ಹಚ್ಚಿದವಳು ತಾನು.

ಅಂದಿನಿಂದ ಅವಳು ಚೀಲ ಹೊಲಿಯುತ್ತಲೇ ಇದ್ದಾಳೆ. ಓಡುವವರಿಗೆ, ನಡೆಯುವವರಿಗೆ, ಕೇಳಿದವರಿಗೆ, ಕೇಳದವರಿಗೆ.

ಈ ಸಲ ಪಂಚಶೀಲಾ ಬಂದಾಗ ಬಾಗಿಲ ಕಟ್ಟೆಯ ಮೇಲೆ ರಿಟೈರಾದ ಬಸ್ ಕಂಡಕ್ಟರ್ ಕರೀಂಸಾಬ್ ಕೂತಿದ್ದ. ಅವನಿಗೂ ಸಕ್ಕರೆ ಕಾಯಿಲೆ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು.

"ನೋಡವಾ ತಂಗಿ," ಅಂದ ಅವನು. "ಮೂವತ್ತ ವರ್ಷ ಬಸ್ಸಿನ್ಯಾಗ ಚೀಲ ಹಾಕ್ಕೊಂಡು ಟಿಕೀಟ್ ಹರದೀನಿ. ಇನ್ನರ ಕಾಟ ತಪ್ಪಿತಂದ್ರ ನಿಮ್ಮತ್ತಿ ಮತ್ತೊಂದು ಚೀಲ ಕಟ್ಟಾಕತ್ತಾಳ."

"ಕಟ್ಟಿ ಏನ್ ಮಾಡ್ತಿ? ಓಣಿ ದಾಟೂದ್ರಾಗ ಸಕ್ಕರಿ ತಿಂದು ಮುಗಸ್ತೀದಿ," ಎಂದಳು ತುಳಜಾಬಾಯಿ. "ವಾಕಿಂಗ್ ಹೋಗ್ತೀದೋ, ತಿನ್ನಾಕ ಹೋಗ್ತೀದೋ?"

"ತೌಬಾ ತೌಬಾ! ತಿನ್ನೂದು ಇರುವಿ, ಹೆಸರು ನಂದು!"

ಅವಳು ಅವನ ಸೊಂಟದ ಚೀಲದ ಗುಂಡಿಯನ್ನು ಹಿಡಿದು ಎಳೆದಳು. ಇನ್ನೊಮ್ಮೆ ಎಳೆದಳು. "ಹೋಗು," ಅಂದಳು. ಅವನು ನಗುತ್ತ ಹೋದ. ಅವಳು ನಗಲಿಲ್ಲ.

ಪಂಚಶೀಲಾ ಚಪ್ಪಲಿ ಬಿಟ್ಟು ಎದುರಿಗೆ ಕೂತಳು. ಬ್ಯಾಗಿನಿಂದ ಸ್ಟೀಲಿನ ಡಬ್ಬಿ ತೆಗೆದು ನೆಲದ ಮೇಲಿಟ್ಟಳು.

"ಅತ್ತೀ, ಸಕ್ಕರಿ ಬಿದ್ದಿಲ್ರೀ."

ತುಳಜಾಬಾಯಿಯ ಸೂಜಿ ನಿಂತಿತು.

"ನಾನೇ ತೆಗದಿಟ್ಟಿದ್ದೆ. ಇರುವಿ ಹತ್ತಿದ್ವು. ಚೀಲ ಒಗದೆ, ಮತ್ತ ತುಂಬಲಿಲ್ಲ. ಅವರಿಗೆ ಹೇಳಲೂ ಇಲ್ಲ. ಅದೇ ಸಕ್ಕರಿ ಇದು, ಡಬ್ಯಾಗ ಹಂಗೇ ಅದ. ಗುಂಡಿ ತಾನಾಗೇ ಬಿದ್ದಿಲ್ಲ. ಅವರೇ ಕಿತ್ತಿರಬೇಕು. ಸಕ್ಕರಿ ಹುಡಕೂ ಮುಂದ."

ಹೇಳಿಯಾಯಿತು. ತನ್ನ ದನಿ ಹಾಜರಿ ಕೂಗಿದಷ್ಟು ಸಪ್ಪಗಿತ್ತೆಂದು ಅವಳಿಗೇ ಅನಿಸಿತು. ಅತ್ತರೆ ನಂಬುತ್ತಿದ್ದರೇನೋ. ಅಳು ಬರುವುದು ನಿಂತು ಬಹಳ ದಿನವಾಗಿತ್ತು.

ತುಳಜಾಬಾಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೈ ಚಾಚಿ ಗಲ್ಲ ಸವರಿದಳು.

"ಯಾರು ಹೇಳಿಕೊಟ್ಟಾರ ನಿನಗ? ನಿಮ್ಮವ್ವೇನು? ಮುದುಕಿ ಗುಂಡಿ ಗುಂಡಿ ಅಂತ ಹುಚ್ಚಿ ಆಗ್ಯಾಳ, ಏನರ ಹೇಳಿ ಸಮಾಧಾನ ಮಾಡಂತ?"

"ಖರೇ ಹೇಳಾಕತ್ತೀನ್ರೀ."

"ಸಾಕು ಬಿಡು. ನನ್ನ ಮಗನ ಕೈ ಹಿಡದು ನಿನಗೇನು ಸುಖ ಸಿಕ್ತು? ಈಗ ನನ್ನ ಪಾಪನೂ ಹೊತ್ಕೊಳ್ಳಾಕ ಬಂದೀದಿ. ಎಂಥಾಕಿ ಸಿಕ್ಕಿದ್ದಿ ನಮಗ!"

"ಡಬ್ಬಿ ನೋಡ್ರೀ..."

"ಕಲ್ಲುಸಕ್ಕರಿ ಯಾರ ಮನ್ಯಾಗ ಇಲ್ಲ?"

ಅವಳು ಡಬ್ಬಿಯ ಮುಚ್ಚಳ ತೆಗೆದು ಒಂದು ಹರಳು ಬೆಳಕಿಗೆ ಹಿಡಿದು ನೋಡಿದಳು. "ಛಲೋ ಆತು. ನನ್ನ ಕಡಿ ನಿನ್ನೇನೇ ತೀರಿತ್ತು." ಹಳೆಯ ಪೇಪರು ಹರಿದು, ನಾಲ್ಕು ನಾಲ್ಕು ಹರಳು ಇಟ್ಟು ಪೊಟ್ಟಣ ಕಟ್ಟತೊಡಗಿದಳು. ಮೊಣಕಾಲ ಪಕ್ಕದಲ್ಲಿ ಹೊಲಿದ ಚೀಲಗಳು ಬಿದ್ದಿದ್ದವು. ಒಂದೊಂದರ ಕಿಸೆಗೂ ಒಂದೊಂದು ಪೊಟ್ಟಣ ಹೋಯಿತು. ಡಬ್ಬಿ ಖಾಲಿಯಾಯಿತು.

ಪಂಚಶೀಲಾ ನೋಡುತ್ತ ಕೂತಳು. ಇನ್ನು ಮುಂದಿನ ತಿಂಗಳು ಬಸ್ಸಿನಲ್ಲಿ ಬಾಯಿಪಾಠ ಮಾಡಲು ಏನೂ ಉಳಿದಿರಲಿಲ್ಲ.

ಕೊನೆಯ ಚೀಲಕ್ಕೆ ಗುಂಡಿ ಹಚ್ಚುವುದು ಬಾಕಿಯಿತ್ತು. ತುಳಜಾಬಾಯಿ ಸೂಜಿಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಬೇಸತ್ತು ಸೊಸೆಯ ಕಡೆ ಚಾಚಿದಳು.

"ಕಣ್ಣು ಕಾಣವಲ್ದು. ಪೋಣಿಸಿ ಕೊಡವಾ. ಜೋಡೆಳಿ ಹಾಕು. ಆಗ ಒಂದೇ ಎಳಿ ಹಾಕಿದ್ದೆ, ಅದಕ್ಕೇ ತಡೀಲಿಲ್ಲ."

ಪಂಚಶೀಲಾ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದಳು. ಮೊದಲ ಸಲಕ್ಕೇ ಸೂಜಿಯೊಳಗೆ ಹೋಯಿತು. ಜೋಡಿ ಎಳೆ ಮಾಡಿ, ತುದಿಗೆ ಗಂಟು ಹಾಕಿ ಕೊಟ್ಟಳು.