ಹ್ಯಾಂಬರ್ಗಿನ ಗೋಪುರ

ತನ್ನ ಗಂಡ ಏಕಾಂತಯ್ಯನ ಮುಂಗೈಯನ್ನು ಹೆಲ್ಗಾ ಹಿಡಿದದ್ದನ್ನು ಸುವರ್ಣಮ್ಮ ಅಡುಗೆಮನೆಯ ಬಾಗಿಲಿನಿಂದಲೇ ಕಂಡಳು. ಏಕಾಂತಯ್ಯ ಎಳನೀರಿನ ಗೊನೆ ಎತ್ತಲು ಬಗ್ಗಿದ್ದ. ಆ ಜರ್ಮನ್ ಹೆಂಗಸು ಓಡಿಬಂದು ತಡೆದಳು. ತಡೆದವಳು ಕೂಡಲೇ ಕೈ ಬಿಡಲಿಲ್ಲ. ಅಂಗಳದಲ್ಲಿ ಆಳುಗಳೆಲ್ಲ ನೋಡುತ್ತಿದ್ದರು.

ಏಕಾಂತಯ್ಯ ತೆಂಗಿನ ನಾರಿನ ಇಲಾಖೆಯಲ್ಲಿ ಅಧಿಕಾರಿ. ಹಿಂದಿನ ವರ್ಷ ಸಮ್ಮೇಳನಕ್ಕೆಂದು ಹ್ಯಾಂಬರ್ಗಿಗೆ ಹೋಗಿ ಬಂದವನು ಅಲ್ಲಿನ ಬಂದರು, ದೋಣಿ ವಿಹಾರ, ಸಂಜೆಯ ಔತಣ ಎಲ್ಲವನ್ನೂ ತನ್ನೂರು ಹೊನ್ನವಳ್ಳಿಯವರಿಗೆ ಬಣ್ಣಿಸಿದ್ದ. ಹೆಲ್ಗಾ ಎಂಬ ಹೆಸರು ಮಾತ್ರ ಅವನ ಬಾಯಲ್ಲಿ ಬಂದಿರಲಿಲ್ಲ. ಈಗ ತನ್ನ ಚಾಪೆ ಕಂಪನಿಯ ಪರವಾಗಿ ನಾರು ನೋಡಲು ತಿಪಟೂರಿಗೆ ಬಂದವಳು ತಾನಾಗಿಯೇ ಮನೆಗೆ ಬರುತ್ತೇನೆಂದಿದ್ದಳು.

ಊಟದ ಮಧ್ಯೆ ಹೆಲ್ಗಾ ಸುವರ್ಣಮ್ಮನ ಕಡೆ ತಿರುಗಿ, ತನ್ನ ಎದೆ ಮುಟ್ಟಿಕೊಂಡು, ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಕಣ್ಣು ತೇವವಾಗಿತ್ತು.

"ಏನಂತಾರೆ?"

"ಅಡುಗೆ ಚೆನ್ನಾಗೈತೆ ಅಂತಾರೆ ಕಣೇ."

"ಅಷ್ಟುದ್ದ ಮಾತಿಗೆ ಇಷ್ಟೇನಾ?"

"ಇಂಗ್ಲಿಷ್ ಹಂಗೇ, ಉದ್ದ," ಎಂದು ಏಕಾಂತಯ್ಯ ಅನ್ನ ಕಲಸತೊಡಗಿದ.

ಸುವರ್ಣಮ್ಮ ಮಜ್ಜಿಗೆ ಬಡಿಸಿ, ಹಿತ್ತಲ ಬಾಗಿಲಿನಿಂದ ನೇರ ಪಕ್ಕದ ಮನೆಗೆ ಹೋದಳು. ಅಲ್ಲಿನ ದ್ರಾಕ್ಷಾಯಣಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು.

"ಬನ್ನಿ ಅಕ್ಕ. ಆಯಮ್ಮ ಏನಂದ್ರೂ ಒಂದಕ್ಷರ ಬಿಡ್ದಂಗೆ ನಂಗೆ ಹೇಳ್ಬೇಕು."

"ಕೇಳಬಾರದ ಮಾತಾದ್ರೆ?"

"ಅದನ್ನೇ ಹೇಳಿ."

ದ್ರಾಕ್ಷಾಯಣಮ್ಮನನ್ನು ಕಂಡದ್ದೇ ಏಕಾಂತಯ್ಯನ ಮುಖ ಇಳಿದುಹೋಯಿತು. ಸುವರ್ಣಮ್ಮ ಅವನತ್ತ ನೋಡಲಿಲ್ಲ. "ಹ್ಯಾಂಬರ್ಗಲ್ಲಿ ಇವ್ರಿಬ್ರೂ ಎಲ್ಲೆಲ್ಲಿ ಸುತ್ತಿದ್ರು, ಕೇಳಿ," ಎಂದಳು.

ಹೆಲ್ಗಾ ಖುಷಿಯಿಂದಲೇ ಶುರುಮಾಡಿದಳು. ಸಮ್ಮೇಳನದವರೆಲ್ಲ ಸೇರಿ ಕೆರೆಯಲ್ಲಿ ದೋಣಿ ಹತ್ತಿದ್ದು, ಬಂದರು ನೋಡಿದ್ದು, ಆಮೇಲೆ ಇಗರ್ಜಿಯ ಗೋಪುರ ಏರಿದ್ದು. ಅಲ್ಲಿಗೆ ಅವಳ ದನಿ ತಗ್ಗಿತು. ದ್ರಾಕ್ಷಾಯಣಮ್ಮ ಕನ್ನಡಕ್ಕೆ ತಿರುಗಿಸುವುದನ್ನು ನಿಲ್ಲಿಸಿ ಏಕಾಂತಯ್ಯನತ್ತ ನೋಡಿದಳು.

"ಹೇಳಿ ಅಕ್ಕ."

"ಗೋಪುರದ ಮೆಟ್ಟಿಲ ಮೇಲೆ ಇವ್ರು ಎದೆ ಹಿಡ್ಕೊಂಡು ಕುಸಿದುಬಿದ್ರಂತೆ ಕಣೇ. ಆಸ್ಪತ್ರೇಲಿ ರಾತ್ರಿಯೆಲ್ಲ ಈಯಮ್ಮನೇ ಕೂತಿದ್ಲಂತೆ. ಈಗ ಹೃದಯ ಹೆಂಗಿದೆ, ಮಾತ್ರೆ ಸರಿಯಾಗಿ ತಗೋತಾರಾ ಅಂತ ನಿನ್ನ ಕೇಳ್ತಿದಾಳೆ. ಊಟದಲ್ಲೂ ಅದನ್ನೇ ಕೇಳಿದ್ಲಂತೆ."

ಸುವರ್ಣಮ್ಮ ಗಂಡನ ಕಡೆ ತಿರುಗಿದಳು.

"ಹೇಳಿದ್ರೆ ನೀನು ಹೆದರ್ಕೋತಿದ್ದೆ ಕಣೇ," ಎಂದ ಅವನು.

"ಮಾತ್ರೆ?"

"ಮುಗ್ದೋಗಿ ಬಾಳ ದಿನ ಆಯ್ತು."

ಅವಳು ಎಂಜಲೆಲೆ ಎತ್ತತೊಡಗಿದಳು. ಹೆಲ್ಗಾ ಅದನ್ನು ಕಂಡು, ತಾನೂ ಒಂದು ಎಲೆ ಎತ್ತಿಕೊಂಡಳು.

ಬಿಸಿಲು ಇಳಿದ ಮೇಲೆ ಹೆಲ್ಗಾ ಕೆರೆಯಾಚೆಯ ತೋಟ ನೋಡಬೇಕೆಂದಳು. ಏಕಾಂತಯ್ಯ ಎಂದಿನ ಹಾಗೆ ಬಿರಬಿರನೆ ಮುಂದೆ ಹೊರಟ. ಕೆರೆಯ ಏರಿ ಹತ್ತುವ ಕಡೆ ಸುವರ್ಣಮ್ಮ ಹಿಂದಿನಿಂದ ಕೂಗಿದಳು: "ರೀ, ನಂಗೆ ಕಾಲು ನೋವು. ಒಂದ್ಗಳಿಗೆ ಕೂತ್ಕಳಾಣ."

ಅವನು ವಾಪಸು ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತ. ಅವಳು ನೋವಿಲ್ಲದ ಕಾಲನ್ನು ನೀವಿಕೊಳ್ಳುತ್ತಾ, ಅವನ ಉಸಿರು ಹದಕ್ಕೆ ಬರುವುದನ್ನೇ ಕೇಳುತ್ತಾ ಕುಳಿತಳು.